ಹಾರ್ಮೋನುಗಳೂ ಸ್ತ್ರೀಯ ದಾಂಪತ್ಯಸುಖವೂ

ಅಮೆರಿಕದ ಸೇಂಟ್ ಲೂಯಿಸ್ ನಗರದ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಡಾಯ್ಸಿ ಎಂಬ ಜೀವರಸಾಯನ ವಿಜ್ಞಾನಿಯೂ ಅವರ ಸಂಗಡಿಗರೂ 1930ರ ದಶಕದ ನಡುವಿನಲ್ಲಿ ಹೆಣ್ಣುಹಂದಿಗಳ ಅಂಡಾಶಯಗಳನ್ನು ರಾಶಿರಾಶಿಯಾಗಿ ತರಿಸಿ, ಅರೆದು, ಸೋಸಿ, ದ್ರಾವಕಗಳಲ್ಲಿ ಮತ್ತೆ ಮತ್ತೆ ಕರಗಿಸಿ ಶೋಧಿಸಿದ ಮೇಲೆ, ನಾಲ್ಕು ಟನ್ನುಗಳಷ್ಟಿದ್ದ ಆ ರಾಶಿಯಿಂದ ಅವರ ಕೈಗೆ ದೊರೆತ ಶುದ್ಧವಸ್ತುವಿನ ತೂಕ ಕೆಲವೇ ಮಿಲಿಗ್ರಾಂ. ಎಸ್ಟ್ರಡಯಾಲ್ ಎಂದು ಇಂದು ನಾವು ಕರೆಯುವ, ಸ್ತ್ರೀಶರೀರದ ಮುಖ್ಯ ಹಾರ್ಮೋನಾದ ಆ ವಸ್ತು ಋತುಚಕ್ರದ ಪರಾಕಾಷ್ಠೆಯ ದಿನದಲ್ಲಿ ಸಹ ಒಂದು ಮಿಲಿಲೀಟರ್ ರಕ್ತದಲ್ಲಿ ಗ್ರಾಮಿನ ಲಕ್ಷಕೋಟಿಯ ಕೆಲವು ನೂರು ಪಾಲುಗಳಷ್ಟು ಮಾತ್ರ ಇರುತ್ತದೆ. ಅದಕ್ಕೆ ಕೆಲವು ವರ್ಷಗಳ ಮೊದಲು, 1929ರಲ್ಲಿ, ಗರ್ಭಿಣಿಯರ ಮೂತ್ರದಿಂದ ಎಸ್ಟ್ರೋನ್ ಎಂಬ ಅದರ ಸೋದರ ರಸವನ್ನು ಇದೇ ಡಾಯ್ಸಿಯವರೂ ಜರ್ಮನಿಯ ಅಡಾಲ್ಫ್ ಬ್ಯೂಟೆನಾಂಟರೂ ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಬೇರ್ಪಡಿಸಿದ್ದರು. 1934ರಲ್ಲಿ ಪ್ರೊಜೆಸ್ಟೆರಾನ್, 1935ರಲ್ಲಿ ಟೆಸ್ಟೊಸ್ಟೆರಾನ್ ಶುದ್ಧರೂಪದಲ್ಲಿ ದೊರೆತವು. ಹೀಗೆ ಆರೇಳು ವರ್ಷಗಳ ಅಲ್ಪಾವಧಿಯಲ್ಲಿ, ಯುಗಯುಗಗಳಿಂದ ಮನುಷ್ಯನು ದೈವಕ್ಕೋ ಪ್ರಕೃತಿಗೋ ಪೂರ್ವಕರ್ಮಕ್ಕೋ ಆರೋಪಿಸುತ್ತ ಬಂದಿದ್ದ ಸ್ತ್ರೀತ್ವದ ಅನೇಕ ವ್ಯಾಪಾರಗಳ ಹಿಂದಿನ ರಸಾಯನವು ಗಾಜಿನ ನಳಿಗೆಗಳೊಳಗೆ ಕಣ್ಣಿಗೆ ಕಾಣುವಂತಾಯಿತು.

ಇಷ್ಟು ಅಲ್ಪಪ್ರಮಾಣದ ವಸ್ತುವಿಗೆ ಅಷ್ಟು ಮಹತ್ತಾದ ಶಕ್ತಿಯಿದೆಯೆಂದು ತಿಳಿದಂದಿನಿಂದ ಸ್ತ್ರೀಯರ ಕಾಮಜೀವನದ ವಿಷಯದಲ್ಲಿ ಎರಡು ವಿಪರೀತ ಭಾವನೆಗಳು ಬೆಳೆದು ನಿಂತಿವೆ. ಹೆಣ್ಣಿನ ಅಭಿಲಾಷೆಯೆಂಬುದು ಹಾರ್ಮೋನುಗಳ ಏರಿಳಿತವೇ ಹೊರತು ಬೇರೇನೂ ಅಲ್ಲ, ಆದಕಾರಣ ಅದು ಕುಂದಿದಲ್ಲಿ ರಕ್ತಪರೀಕ್ಷೆ ಮಾಡಿಸಿ ಕಡಮೆಯಾದದ್ದನ್ನು ತುಂಬಿಸಿದರಾಯಿತು ಎಂಬುದು ಒಂದು. ವಯಸ್ಸಾದ ಹೆಣ್ಣಿಗೆ, ಹೆತ್ತ ಹೆಣ್ಣಿಗೆ, ಮುಟ್ಟು ನಿಂತ ಹೆಣ್ಣಿಗೆ ಸಂಸಾರಸುಖದ ಮಾತೇಕೆ, ನೋವಾದರೆ ಸಹಿಸಿಕೊಳ್ಳಬೇಕು, ಅದಕ್ಕೆ ಮದ್ದು ಕೇಳುವುದೇ ನಾಚಿಕೆ ಎಂಬುದು ಇನ್ನೊಂದು. ಮೊದಲನೆಯದು ಪಟ್ಟಣದ ಜಾಹೀರಾತುಗಳಲ್ಲಿ ಹೆಚ್ಚಾಗಿ ಕಾಣುತ್ತದೆ. ಎರಡನೆಯದು ನಮ್ಮ ಮನೆಮನೆಗಳ ಮೌನದಲ್ಲಿದೆ. ಎರಡೂ ಒಂದೇ ಅವಿವೇಕದಿಂದ ಹುಟ್ಟಿದವೆಂದು ನನಗೆ ತೋರುತ್ತದೆ. ಹಾರ್ಮೋನುಗಳು ದೇಹದ ಅಂಗಾಂಶಗಳ ಮೇಲೆ ಮಾಡುವ ಕೆಲಸ ಒಂದು ಬಗೆಯದು, ಅದು ನಿಶ್ಚಿತವಾದದ್ದು, ಕೆಟ್ಟಾಗ ಬಹುಮಟ್ಟಿಗೆ ಸರಿಪಡಿಸಬಹುದಾದದ್ದು. ಮನಸ್ಸಿನ ಇಚ್ಛೆಯ ಮೇಲೆ ಅವು ಬೀರುವ ಪ್ರಭಾವ ಮತ್ತೊಂದು ಬಗೆಯದು, ಅದು ಉಂಟಾದರೂ ಪಾಲುದಾರಿಕೆಯದು. ಈ ಎರಡನ್ನು ಬಿಡಿಸಿ ನೋಡದಿದ್ದುದರಿಂದಲೇ ಗುಣವಾಗಬಹುದಾದ ನೋವನ್ನು ಲಕ್ಷಾಂತರ ಹೆಂಗಸರು ಮೌನವಾಗಿ ಹೊತ್ತಿದ್ದಾರೆ.

ಅಂಡಾಶಯವು ತನ್ನಷ್ಟಕ್ಕೆ ತಾನೇ ಕೆಲಸಮಾಡುವ ಗ್ರಂಥಿಯಲ್ಲ. ಮೆದುಳಿನ ತಳದಲ್ಲಿರುವ ಹೈಪೋಥಲಾಮಸ್ ಎಂಬ ಕಿರುಭಾಗವು ಗಂಟೆ ಒಂದೂವರೆ ಗಂಟೆಗೊಮ್ಮೆ ಮಿಡಿದು ಒಂದು ರಾಸಾಯನಿಕ ಸಂಕೇತವನ್ನು ಪಿಟ್ಯುಟರಿ ಗ್ರಂಥಿಗೆ ಕಳುಹುತ್ತದೆ; ಪಿಟ್ಯುಟರಿಯು ಅದಕ್ಕೆ ಓಗೊಟ್ಟು ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ; ಆ ಎರಡರ ಅಪ್ಪಣೆಯಂತೆ ಅಂಡಾಶಯವು ಅಂಡವನ್ನು ಪಕ್ವಗೊಳಿಸುತ್ತ, ಎಸ್ಟ್ರಡಯಾಲ್ ಮೊದಲಾದವುಗಳ ಒಟ್ಟು ಹೆಸರಾದ ಎಸ್ಟ್ರೋಜನ್ನನ್ನೂ, ಅಂಡವು ಹೊರಬಿದ್ದ ಮೇಲೆ ಪ್ರೊಜೆಸ್ಟೆರಾನನ್ನೂ ಸ್ರವಿಸುತ್ತದೆ. ಮೆದುಳಿನ ಆ ಸಂಕೇತದ ರಚನೆಯನ್ನು 1971ರಲ್ಲಿ ಪತ್ತೆಹಚ್ಚಿದ ಆಂಡ್ರೂ ಷಾಲಿ ಮತ್ತು ರೋಜರ್ ಗಿಯೆಮನ್ ಅವರಿಗೆ 1977ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಚಿಂತೆ, ಉಪವಾಸ, ಅತಿಶ್ರಮ, ದುಃಖ ಮೊದಲಾದವುಗಳಿಂದ ಮುಟ್ಟು ಏರುಪೇರಾಗುವುದನ್ನು ನಮ್ಮ ಅಜ್ಜಿಯರು ಅನುಭವದಿಂದ ಬಲ್ಲವರಾಗಿದ್ದರಷ್ಟೆ. ಈ ಸರಪಳಿಯ ಮೊದಲ ಕೊಂಡಿಯು ಮೆದುಳಿನಲ್ಲಿಯೇ ಇರುವುದರಿಂದ ಅದು ಹಾಗಾಗುತ್ತದೆ.

ಎಸ್ಟ್ರೋಜನ್ನು ಅಂಗಾಂಶಗಳ ಮೇಲೆ ಮಾಡುವ ಕೆಲಸವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ನೋವಿನ ಮೂಲವು ಅಲ್ಲಿದೆ. ಯೋನಿಯ ಒಳಗೋಡೆಯು ಹಲವು ಪದರಗಳ ಜೀವಕೋಶಗಳಿಂದಾದದ್ದು. ಎಸ್ಟ್ರೋಜನ್ನು ಸಾಕಷ್ಟಿರುವಾಗ ಈ ಪದರಗಳು ದಪ್ಪವಾಗಿಯೂ ಮೃದುವಾಗಿಯೂ ಹಿಗ್ಗುವ ಗುಣವುಳ್ಳವಾಗಿಯೂ ಇದ್ದು, ಅವುಗಳ ಕೋಶಗಳಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ಸಂಗ್ರಹವಿರುತ್ತದೆ. ಉದುರಿದ ಕೋಶಗಳ ಆ ಸಕ್ಕರೆಯಿಂದ ಬದುಕುವ ಲ್ಯಾಕ್ಟೋಬ್ಯಾಸಿಲಸ್ ಎಂಬ ನಿರುಪದ್ರವಿ ಜೀವಾಣುಗಳು ಲ್ಯಾಕ್ಟಿಕ್ ಆಮ್ಲವನ್ನು ಉಂಟುಮಾಡಿ, ರೋಗಾಣುಗಳಿಗೆ ಒಗ್ಗದಂಥ ಹುಳಿಯನ್ನು ಅಲ್ಲಿ ಕಾಪಾಡುತ್ತವೆ. ಹೆಣ್ಣಿನ ದೇಹವೂ ಈ ಸೂಕ್ಷ್ಮಜೀವಿಗಳೂ ಒಂದನ್ನೊಂದು ಪೋಷಿಸುವ ಈ ಸಹಬಾಳ್ವೆಯನ್ನು ಜರ್ಮನ್ ಪ್ರಸೂತಿತಜ್ಞರಾದ ಆಲ್ಬರ್ಟ್ ಡೋಡರ್ಲೈನ್ 1892ರಷ್ಟು ಹಿಂದೆಯೇ ಗುರುತಿಸಿದ್ದರು. ಯೋನಿಯ ಗೋಡೆಯಲ್ಲಿ ರಸಗ್ರಂಥಿಗಳಿಲ್ಲ ಎಂಬುದು ಅನೇಕರಿಗೆ ತಿಳಿಯದ ಸಂಗತಿ. ಕಾಮೋದ್ದೀಪನದ ಸಮಯದಲ್ಲಿ ಅಲ್ಲಿ ಉಂಟಾಗುವ ತೇವವು, ಸುತ್ತಲಿನ ಸೂಕ್ಷ್ಮ ರಕ್ತನಾಳಗಳು ಹಿಗ್ಗಿ ತುಂಬಿಕೊಂಡಾಗ ಅವುಗಳಿಂದ ಜಿನುಗಿ ಗೋಡೆಯ ಮೂಲಕ ಹೊರಗೆ ಬರುವ ರಕ್ತದ ತಿಳಿಯಂಶ. ಆದುದರಿಂದ ರಕ್ತನಾಳಗಳು ಆರೋಗ್ಯವಾಗಿರಬೇಕು, ಗೋಡೆ ಜೀವಂತವಾಗಿರಬೇಕು, ಅಷ್ಟೇ ಮುಖ್ಯವಾಗಿ, ಉದ್ದೀಪನಕ್ಕೆ ಬೇಕಾದಷ್ಟು ಕಾಲವೂ ದೊರೆಯಬೇಕು. ಮೊದಲಿನ ಎರಡು ಎಸ್ಟ್ರೋಜನ್ನಿನ ಕೈಯಲ್ಲಿವೆ. ಮೂರನೆಯದು ಗಂಡನ ಕೈಯಲ್ಲಿದೆ.

ಎಸ್ಟ್ರೋಜನ್ನು ಇಳಿದಾಗ ಪದರಗಳು ತೆಳ್ಳಗಾಗುತ್ತವೆ, ರಕ್ತಸಂಚಾರ ಕಡಮೆಯಾಗುತ್ತದೆ, ತೇವ ಬತ್ತುತ್ತದೆ, ಹುಳಿಯ ಕಾವಲು ತಪ್ಪುತ್ತದೆ. ಮೂತ್ರನಾಳದ ಬಾಯಿಯೂ ಮೂತ್ರಕೋಶದ ಕೊರಳೂ ಇದೇ ಹಾರ್ಮೋನಿನ ಆಶ್ರಯದಲ್ಲಿರುವುದರಿಂದ, ಸಮಾಗಮದ ನೋವಿನೊಡನೆ ಉರಿಮೂತ್ರ, ಮತ್ತೆ ಮತ್ತೆ ತಲೆದೋರುವ ಸೋಂಕು, ಅವಸರದ ಮೂತ್ರಬಾಧೆ ಇವೂ ಸೇರಿಕೊಳ್ಳುತ್ತವೆ. ಋತುಬಂಧವಾದ ಸ್ತ್ರೀಯರಲ್ಲಿ ಸುಮಾರು ಅರ್ಧದಷ್ಟು ಮಂದಿ ಈ ಬಾಧೆಗಳಲ್ಲಿ ಒಂದನ್ನಾದರೂ ಅನುಭವಿಸುತ್ತಾರೆ. ಮುಟ್ಟು ನಿಲ್ಲುವ ಕಾಲದಲ್ಲಿ ಮೈಯೆಲ್ಲ ಝಗ್ಗನೆ ಬಿಸಿಯೇರಿ ಬೆವರಿಳಿಯುವ ಉಪದ್ರವವು ಕೆಲವು ವರ್ಷಗಳಲ್ಲಿ ಸಾಮಾನ್ಯವಾಗಿ ತಾನೇ ಶಮನವಾಗುತ್ತದೆ. ಆದರೆ ಯೋನಿಯ ಶುಷ್ಕತೆಯು ತಾನಾಗಿ ಶಮನವಾಗುವಂಥದಲ್ಲ, ಚಿಕಿತ್ಸೆಯಿಲ್ಲದಿದ್ದಲ್ಲಿ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತದೆ. ನಮ್ಮ ದೇಶದಲ್ಲಿ ಸಹಜ ಋತುಬಂಧದ ವಯಸ್ಸು ಸರಾಸರಿಯಲ್ಲಿ 46–47 ವರ್ಷ, ಪಾಶ್ಚಾತ್ಯ ದೇಶಗಳಲ್ಲಿ 51ರ ಸುಮಾರು. ಅಂದರೆ ನಮ್ಮ ಹೆಂಗಸರು ತಮ್ಮ ಬಾಳಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕಾಲವನ್ನು ಈ ಸ್ಥಿತಿಯಲ್ಲಿ ಕಳೆಯುತ್ತಾರೆ. ಇಷ್ಟು ದೀರ್ಘವಾದ ಜೀವಿತಭಾಗವನ್ನು ವೈದ್ಯರೂ ಮನೆಯವರೂ ಸ್ವತಃ ಸ್ತ್ರೀಯರೂ ಮುಗಿದ ಕತೆಯೆಂಬಂತೆ ಕಾಣುವುದು ಅನ್ಯಾಯವೆಂದು ಹೇಳದೆ ಇರಲಾರೆ.

ಇದೇ ಶುಷ್ಕತೆಯು ಮುದಿತನಕ್ಕೆ ಬಹುದೂರವಿರುವ ಇಪ್ಪತ್ತೈದರ ತರುಣಿಯಲ್ಲಿಯೂ ಕಾಣಿಸಿಕೊಳ್ಳುವ ಒಂದು ಕಾಲವಿದೆ. ಅದರ ಮಾತು ಇನ್ನೂ ಅಪರೂಪ. ಹೆರಿಗೆಯಾದ ಒಡನೆಯೇ ಎಸ್ಟ್ರೋಜನ್ನೂ ಪ್ರೊಜೆಸ್ಟೆರಾನೂ ಧುಮ್ಮಿಕ್ಕುವಂತೆ ಇಳಿಯುತ್ತವೆ. ಮಗುವಿಗೆ ಹಾಲೂಡಿಸುತ್ತಿರುವಷ್ಟು ಕಾಲ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರಿದ ಮಟ್ಟದಲ್ಲಿದ್ದು, ಮೆದುಳಿನ ಆ ಮಿಡಿತವು ಅಡಗಿ, ಅಂಡಾಶಯವು ವಿಶ್ರಾಂತಿಯಲ್ಲಿರುತ್ತದೆ. ಹಾಲೂಡಿಸುವ ತಾಯಿಯ ಎಸ್ಟ್ರೋಜನ್ ಮಟ್ಟವು ಹೀಗೆ ಋತುಬಂಧವಾದವಳ ಮಟ್ಟಕ್ಕೆ ಸಮೀಪಿಸುತ್ತದೆ. ಬಾಣಂತಿಯನ್ನು ಮೂರೋ ಐದೋ ತಿಂಗಳು ತವರಿನಲ್ಲಿಟ್ಟುಕೊಂಡು ಎಣ್ಣೆನೀರೆರೆದು ಉಪಚರಿಸುವ ನಮ್ಮ ಪದ್ಧತಿಯಲ್ಲಿ ಇತರ ಗುಣದೋಷಗಳು ಏನೇ ಇರಲಿ, ಈ ಕಾಲದಲ್ಲಿ ಅವಳ ದೇಹವನ್ನು ಅವಳಿಗೇ ಬಿಟ್ಟುಕೊಡುವ ಒಂದು ಕಾರುಣ್ಯವು ಅದರಲ್ಲಿ ಇದ್ದಿತು. ಆದರೆ ಐದು ತಿಂಗಳು ತುಂಬಿ, ತೊಟ್ಟಿಲ ಮಗುವಿನೊಡನೆ ಗಂಡನ ಮನೆಗೆ ಮರಳಿದ ಮೇಲೂ ಮೊಲೆಯುಣಿಸುವುದು ನಡೆದೇ ಇರುತ್ತದಾಗಿ ಶುಷ್ಕತೆಯೂ ಇದ್ದೇ ಇರುತ್ತದೆ. ಆಗ ಉಂಟಾಗುವ ನೋವನ್ನು ಅವಳು ಹೊಲಿಗೆಯ ದೋಷವೆಂದೋ, ತನ್ನಲ್ಲೇ ಏನೋ ಕೆಟ್ಟಿತೆಂದೋ ಭಾವಿಸುತ್ತಾಳೆ. ಗಂಡನು ಅವಳ ಮನಸ್ಸು ಮಗುವಿನ ಕಡೆಗೆ ತಿರುಗಿ ತನ್ನನ್ನು ಮರೆಯಿತೆಂದು ಬಗೆಯುತ್ತಾನೆ. ಹಾಲು ಬಿಡಿಸಿ ಮುಟ್ಟು ಮರಳಿದ ಮೇಲೆ ಇದು ತಾನಾಗಿ ಸರಿಹೋಗುವುದೆಂದು, ಅಲ್ಲಿಯವರೆಗೆ ತೇವಕಾರಕ ಲೇಪಗಳೂ, ಅಗತ್ಯವಿದ್ದರೆ ವೈದ್ಯರು ಕೊಡುವ ಸ್ಥಳೀಯ ಔಷಧವೂ ಉಂಟೆಂದು ಹೇಳುವ ಒಬ್ಬ ನರ್ಸಾಗಲಿ ಅತ್ತಿಗೆಯಾಗಲಿ ಇದ್ದಿದ್ದರೆ ಎಷ್ಟು ಮನೆಗಳಲ್ಲಿ ಎಷ್ಟು ಮನಸ್ತಾಪ ತಪ್ಪುತ್ತಿತ್ತು! ಡಾ. ಅನುಪಮಾ ನಿರಂಜನ ಅವರು ‘ವಧುವಿಗೆ ಕಿವಿಮಾತು’, ‘ದಾಂಪತ್ಯ ದೀಪಿಕೆ’ಗಳಂಥ ಪುಸ್ತಕಗಳನ್ನು ಬರೆದು, ವೈದ್ಯೆಯು ತನ್ನ ಭಾಷೆಯ ಹೆಣ್ಣುಮಕ್ಕಳೊಡನೆ ಈ ವಿಷಯಗಳನ್ನು ಮರ್ಯಾದೆಗೆಡದೆ ಮಾತಾಡಬಲ್ಲಳೆಂದು ತೋರಿಸಿಕೊಟ್ಟು ಅರ್ಧಶತಮಾನ ಕಳೆದಿದೆ. ಆ ಮಾತು ಮುಂದುವರಿಯಬೇಕಾದಷ್ಟು ಮುಂದುವರಿದಿಲ್ಲ.

ಇನ್ನು ಇಚ್ಛೆಯ ವಿಚಾರ. ಹಸು ಇಪ್ಪತ್ತೊಂದು ದಿನಗಳಿಗೊಮ್ಮೆ ಬೆದೆಗೆ ಬರುವುದನ್ನು ನಮ್ಮ ರೈತರೆಲ್ಲರೂ ಬಲ್ಲರು. ಬೆದೆಯ ಆ ಕೆಲವು ಗಂಟೆಗಳಲ್ಲಿ ಅದು ಹೋರಿಗೆ ಅನುಕೂಲವಾಗಿ ನಿಲ್ಲುತ್ತದೆ. ಮಿಕ್ಕ ದಿನಗಳಲ್ಲಿ ಹತ್ತಿರ ಸೇರಿಸದು. ಅಲ್ಲಿ ಹಾರ್ಮೋನು ಬೀಗದ ಕೈಯಂತೆ ವರ್ತಿಸುತ್ತದೆ. ಮಾನವ ಸ್ತ್ರೀಯ ದೇಹದಲ್ಲಿಯೂ ಅವೇ ರಸಗಳು ಹರಿಯುತ್ತಿದ್ದರೂ ಈ ಬೀಗವು ಬಹುಕಾಲದ ಹಿಂದೆಯೇ ಕಳಚಿಹೋಗಿದೆ. ಅಂಡವು ಹೊರಬೀಳುವ ದಿನಗಳ ಆಸುಪಾಸಿನಲ್ಲಿ, ಎಸ್ಟ್ರಡಯಾಲ್ ಏರಿರುವಾಗ, ಅಭಿಲಾಷೆ ತುಸು ಹೆಚ್ಚುವುದೂ, ಆಮೇಲೆ ಪ್ರೊಜೆಸ್ಟೆರಾನಿನ ಕಾಲದಲ್ಲಿ ತುಸು ತಗ್ಗುವುದೂ ಕೆಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಆದರೆ ಆ ಏರಿಳಿತವು ಸಣ್ಣದು, ಎಲ್ಲ ಸ್ತ್ರೀಯರಲ್ಲಿಯೂ ಕಾಣುವಂಥದೂ ಅಲ್ಲ. ಸ್ತ್ರೀಯು ತಿಂಗಳ ಯಾವ ದಿನವಾದರೂ ಇಚ್ಛಿಸಬಲ್ಲಳು, ಯಾವ ದಿನವಾದರೂ ನಿರಾಕರಿಸಬಲ್ಲಳು. ಗರ್ಭಿಣಿಯಾಗಿದ್ದಾಗಲೂ, ಋತುಬಂಧವಾಗಿ ದಶಕಗಳು ಕಳೆದ ಮೇಲೂ ಇಚ್ಛಿಸಬಲ್ಲಳು. ಪ್ರಕೃತಿಯು ಅವಳಿಗೆ ಕೊಟ್ಟ ಈ ಸ್ವಾತಂತ್ರ್ಯವನ್ನು ಅರಿಯದೆ ಹಾರ್ಮೋನಿನ ಲೆಕ್ಕದಿಂದ ಅವಳ ಮನಸ್ಸನ್ನು ಅಳೆಯಹೊರಡುವುದು ವಿಜ್ಞಾನಕ್ಕೂ ದೂರ, ಅವಳ ಘನತೆಗೂ ದೂರ.

ಹಾಗೆಂದು ಇಚ್ಛೆಯಲ್ಲಿ ಹಾರ್ಮೋನಿಗೆ ಪಾಲೇ ಇಲ್ಲವೆನ್ನುವಂತೆಯೂ ಇಲ್ಲ. ಗಂಡಸರದೆಂದು ಜನ ಭಾವಿಸುವ ಟೆಸ್ಟೊಸ್ಟೆರಾನು ಹೆಣ್ಣಿನ ರಕ್ತದಲ್ಲಿಯೂ ಇದೆ. ಋತುಚಕ್ರದ ಬಹುಪಾಲು ದಿನಗಳಲ್ಲಿ ಅದರ ಪ್ರಮಾಣವು ಎಸ್ಟ್ರಡಯಾಲ್‌ಗಿಂತ ಹೆಚ್ಚಾಗಿಯೇ ಇರುತ್ತದೆ. ಅದರ ಸುಮಾರು ಕಾಲುಭಾಗವು ಅಂಡಾಶಯದಿಂದಲೂ, ಕಾಲುಭಾಗವು ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳಿಂದಲೂ ಬರುತ್ತದೆ; ಉಳಿದರ್ಧವು ಕೊಬ್ಬು, ಚರ್ಮ ಮೊದಲಾದ ಕಡೆಗಳಲ್ಲಿ ಬೇರೆ ರಸಗಳಿಂದ ರೂಪಾಂತರಗೊಂಡು ಉಂಟಾಗುತ್ತದೆ. ಎಸ್ಟ್ರಡಯಾಲ್ ಸಹ ದೇಹದಲ್ಲಿ ಟೆಸ್ಟೊಸ್ಟೆರಾನಿನಿಂದಲೇ ತಯಾರಾಗತಕ್ಕದ್ದು. ಇಪ್ಪತ್ತರ ಹರೆಯದಿಂದ ಟೆಸ್ಟೊಸ್ಟೆರಾನು ಮೆಲ್ಲಮೆಲ್ಲನೆ ಇಳಿಯುತ್ತ ಹೋಗುವುದೇ ಹೊರತು ಸಹಜವಾದ ಋತುಬಂಧದ ಹೊತ್ತಿನಲ್ಲಿ ಎಸ್ಟ್ರೋಜನ್ನಿನಂತೆ ಕುಸಿದುಬೀಳುವುದಿಲ್ಲ. ಆದರೆ ಶಸ್ತ್ರಚಿಕಿತ್ಸೆಯಲ್ಲಿ ಎರಡೂ ಅಂಡಾಶಯಗಳನ್ನು ತೆಗೆದುಹಾಕಿದರೆ ಎಸ್ಟ್ರೋಜನ್ ಒಡನೆಯೇ ಕುಸಿಯುತ್ತದೆ, ಟೆಸ್ಟೊಸ್ಟೆರಾನೂ ಕೆಲವೇ ದಿನಗಳಲ್ಲಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಕೆನಡದ ಬಾರ್ಬರಾ ಶರ್ವಿನ್ ಅವರು 1985ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಗರ್ಭಕೋಶವನ್ನೂ ಅಂಡಾಶಯಗಳನ್ನೂ ಕಳೆದುಕೊಂಡ ಸ್ತ್ರೀಯರಲ್ಲಿ ಕೆಲವರಿಗೆ ಎಸ್ಟ್ರೋಜನ್, ಕೆಲವರಿಗೆ ಟೆಸ್ಟೊಸ್ಟೆರಾನ್, ಕೆಲವರಿಗೆ ಎರಡನ್ನೂ ಕೊಟ್ಟು, ಕೆಲವರಿಗೆ ಔಷಧರಹಿತವಾದ ಚುಚ್ಚುಮದ್ದನ್ನು ಕೊಟ್ಟು ನೋಡಿದಾಗ, ಟೆಸ್ಟೊಸ್ಟೆರಾನ್ ಪಡೆದವರಲ್ಲಿ ಇಚ್ಛೆಯೂ ಕಲ್ಪನೆಯೂ ಹೆಚ್ಚಿದುದು ಕಂಡಿತು. ಆದರೆ ಆಗ ಕೊಟ್ಟ ಪ್ರಮಾಣವು ಸ್ತ್ರೀದೇಹದ ಸಹಜ ಮಟ್ಟವನ್ನು ಮೀರಿದ್ದಿತು. ಮುಂದೆ, 2000ದಲ್ಲಿ, ಚರ್ಮಕ್ಕೆ ಅಂಟಿಸುವ ಪಟ್ಟಿಯ ಮೂಲಕ ಸಹಜ ಮಟ್ಟದಷ್ಟೇ ಕೊಟ್ಟು ನಡೆಸಿದ ಅಮೆರಿಕದ ಪ್ರಯೋಗವೊಂದರಲ್ಲಿ ಔಷಧದಿಂದ ಪ್ರಯೋಜನವು ಕಂಡಿತಾದರೂ, ಔಷಧವೇ ಇಲ್ಲದ ಪಟ್ಟಿಯನ್ನು ಧರಿಸಿದ್ದ ಕಾಲದಲ್ಲಿ ಸಹ ಆ ಸ್ತ್ರೀಯರು ಗಣನೀಯವಾಗಿ ಸುಧಾರಿಸಿದ್ದರು. ತಮ್ಮ ಕಷ್ಟವನ್ನು ಯಾರೋ ಒಬ್ಬರು ಕಿವಿಗೊಟ್ಟು ಕೇಳಿದರು, ಅದಕ್ಕೆ ಹೆಸರಿಟ್ಟರು, ಪರಿಹಾರವುಂಟೆಂದು ಭರವಸೆ ಕೊಟ್ಟರು ಎಂಬುದರಲ್ಲಿಯೂ ಗುಣಪಡಿಸುವ ಶಕ್ತಿಯಿದ್ದಿರಬೇಕೆಂದು ನನ್ನ ನಂಬಿಕೆ.

ಪಿಸಿಓಎಸ್ ಎಂದು ಈಚೆಗೆ ಎಲ್ಲ ತಾಯಂದಿರ ಬಾಯಲ್ಲಿಯೂ ಕೇಳಿಬರುವ ಅಂಡಾಶಯದ ತೊಂದರೆಯು ಈ ವಿಷಯದಲ್ಲಿ ನಮಗೆ ಒಂದು ದೊಡ್ಡ ಪಾಠ. ಅದರಲ್ಲಿ ಟೆಸ್ಟೊಸ್ಟೆರಾನು ಸಾಮಾನ್ಯವಾಗಿ ಸಹಜಕ್ಕಿಂತ ಹೆಚ್ಚಿರುತ್ತದೆ; ಹಾರ್ಮೋನೇ ಇಚ್ಛೆಯ ಒಡೆಯನಾಗಿದ್ದಲ್ಲಿ ಈ ಹೆಣ್ಣುಮಕ್ಕಳ ಇಚ್ಛೆಯೂ ಹೆಚ್ಚಿರಬೇಕಾಗಿತ್ತು. ವಸ್ತುಸ್ಥಿತಿ ಹಾಗಿಲ್ಲ. ಮುಖದ ಮೇಲೆ ಬೆಳೆಯುವ ರೋಮ, ಏರುವ ತೂಕ, ಮೊಡವೆ, ಮಕ್ಕಳಾಗುವುದೋ ಇಲ್ಲವೋ ಎಂಬ ಅಳುಕು, ನೆಂಟರಿಷ್ಟರ ಪ್ರಶ್ನೆಗಳು ಇವೆಲ್ಲದರ ಭಾರದಲ್ಲಿ ಅವರಲ್ಲಿ ಅನೇಕರ ದಾಂಪತ್ಯಸುಖವು ಇತರರಿಗಿಂತ ಕಡಮೆಯೇ ಆಗಿರುತ್ತದೆ. ಟೆಸ್ಟೊಸ್ಟೆರಾನಿನ ಬಗೆಗೆ ನಾನಾ ದೇಶಗಳ ವೈದ್ಯಸಂಘಗಳು ಕೂಡಿ 2019ರಲ್ಲಿ ಹೊರಡಿಸಿದ ಏಕಾಭಿಪ್ರಾಯದ ಹೇಳಿಕೆಯೂ ಇದಕ್ಕೆ ಹೊಂದಿಕೆಯಾಗಿದೆ: ರಕ್ತದಲ್ಲಿ ಇಂತಿಷ್ಟಕ್ಕಿಂತ ಕಡಮೆಯಿದ್ದರೆ ಇಚ್ಛಾಲೋಪವೆಂದು ನಿರ್ಣಯಿಸಬಲ್ಲ ಯಾವ ಅಂಕೆಯೂ ಇಲ್ಲ, ಋತುಬಂಧವಾದ ಸ್ತ್ರೀಯರಲ್ಲಿ, ಬೇರೆ ಕಾರಣಗಳನ್ನೆಲ್ಲ ಪರಿಶೀಲಿಸಿದ ಬಳಿಕವೂ ಇಚ್ಛೆಯ ಅಭಾವವು ಅವರಿಗೇ ವ್ಯಥೆಯಾಗಿದ್ದಲ್ಲಿ ಮಾತ್ರ, ಸ್ತ್ರೀದೇಹದ ಸಹಜ ಮಟ್ಟವನ್ನು ಮೀರದಂತೆ ಅದನ್ನು ಕೊಟ್ಟು ನೋಡಬಹುದು. ‘ಅವರಿಗೇ ವ್ಯಥೆಯಾಗಿದ್ದಲ್ಲಿ’ ಎಂಬ ಆ ನಿಬಂಧನೆ ಬಹಳ ದೊಡ್ಡದು. ಗಂಡನಿಗೆ ಸಾಲದೆಂಬ ಕಾರಣಕ್ಕೆ ಹೆಂಡತಿಯು ರೋಗಿಯಾಗಳು.

ಕೆನಡದ ವೈದ್ಯೆ ರೋಸ್ಮೇರಿ ಬಾಸನ್ ಅವರು 2000ದಲ್ಲಿ ಮಂಡಿಸಿದ ಒಂದು ವಿಚಾರವನ್ನು ಇಲ್ಲಿ ನೆನೆಯಬೇಕು. ಮೊದಲು ಇಚ್ಛೆ, ಅನಂತರ ಉದ್ದೀಪನ, ಅನಂತರ ತೃಪ್ತಿ ಎಂಬ ನೇರ ಸಾಲಿನ ಕ್ರಮವು ಬಹುಮಂದಿ ಸ್ತ್ರೀಯರ, ಅದರಲ್ಲೂ ದೀರ್ಘಕಾಲದ ದಾಂಪತ್ಯದಲ್ಲಿರುವ ಸ್ತ್ರೀಯರ ಅನುಭವಕ್ಕೆ ಹೊಂದುವುದಿಲ್ಲವೆಂದೂ, ಅನೇಕ ವೇಳೆ ಅವರು ಇಚ್ಛೆಯಿಲ್ಲದ ತಟಸ್ಥ ಸ್ಥಿತಿಯಿಂದ, ಸಾಮೀಪ್ಯದ ಹಂಬಲದಿಂದ ಹೊರಟು, ಹಿತವಾದ ಸ್ಪರ್ಶದಿಂದ ಉದ್ದೀಪನವುಂಟಾಗಿ, ಇಚ್ಛೆಯು ಆಮೇಲೆ ಹುಟ್ಟುವುದೆಂದೂ, ಆದ ಅನುಭವವು ಸುಖಕರವಾಗಿದ್ದರೆ ಮುಂದಿನ ಸಲಕ್ಕೆ ಅದೇ ಪ್ರೇರಣೆಯಾಗುವುದೆಂದೂ ಅವರು ಹೇಳಿದರು. ಈ ಚಕ್ರದಲ್ಲಿ ನೋವು ಪ್ರವೇಶಿಸಿತೆಂದರೆ ಎಲ್ಲವೂ ತಿರುಗುಮುರುಗಾಗುತ್ತದೆ. ನೋವಿನಿಂದ ಭಯ, ಭಯದಿಂದ ಯೋನಿಯ ಸುತ್ತಲಿನ ಸ್ನಾಯುಗಳ ಬಿಗಿತ, ಬಿಗಿತದಿಂದ ಇನ್ನಷ್ಟು ನೋವು, ಅದರಿಂದ ವಿಮುಖತೆ. ಕೊನೆಗೆ ‘ಇವಳಿಗೆ ಇಚ್ಛೆಯೇ ಇಲ್ಲ’ ಎಂಬ ತೀರ್ಮಾನ. ಎಸ್ಟ್ರೋಜನ್ ಕೊರತೆಯೆಂಬ ಶುದ್ಧ ಶಾರೀರಿಕ ಕಾರಣದಿಂದ ಹೊರಟದ್ದು ಕೆಲವು ತಿಂಗಳುಗಳಲ್ಲಿ ಮನಸ್ಸಿನ ರೋಗದ ವೇಷ ಧರಿಸುವ ಬಗೆ ಇದು. ಆದಕಾರಣ ವೈದ್ಯರು ಇಚ್ಛೆಯ ಪ್ರಶ್ನೆಗೆ ಕೈಹಾಕುವ ಮುನ್ನ ನೋವಿದೆಯೇ ಎಂದು ಕೇಳಬೇಕು; ನೋವನ್ನು ಮೊದಲು ವಾಸಿಮಾಡಿ, ಆಮೇಲೆ ಉಳಿದುದೇನೆಂದು ನೋಡಬೇಕು.

ಬೇರೆ ಗ್ರಂಥಿಗಳ ಪಾತ್ರವನ್ನು ಸಂಗ್ರಹವಾಗಿ ಹೇಳಿದರೆ ಸಾಕು. ಥೈರಾಯ್ಡ್ ಗ್ರಂಥಿಯ ಮಂದತೆಯಿಂದ ದಣಿವೂ ಜಾಡ್ಯವೂ ಉಂಟಾಗಿ ಇಚ್ಛೆ ಕುಗ್ಗುತ್ತದೆ. ನಮ್ಮ ಹೆಂಗಸರಲ್ಲಿ ಇದು ಬಹು ಸಾಮಾನ್ಯ, ಇದರ ಪರೀಕ್ಷೆಯೂ ಚಿಕಿತ್ಸೆಯೂ ಬಹು ಸುಲಭ. ಪಿಟ್ಯುಟರಿಯಲ್ಲಿ ಹುಟ್ಟುವ ಕೆಲವು ಸಣ್ಣ ಗಡ್ಡೆಗಳಿಂದಲೂ, ಮನೋರೋಗಕ್ಕೆ ಕೊಡುವ ಕೆಲವು ಮಾತ್ರೆಗಳಿಂದಲೂ, ವಾಂತಿ ನಿಲ್ಲಿಸಲು ಕೊಡುವ ಡಾಂಪೆರಿಡೋನ್‌ನಂಥ ಮಾತ್ರೆಗಳಿಂದಲೂ ಪ್ರೊಲ್ಯಾಕ್ಟಿನ್ ಏರಿ, ಹಾಲೂಡಿಸುವವಳ ಸ್ಥಿತಿಯೇ ಹಾಲೂಡಿಸದವಳಿಗೂ ಬರಬಹುದು. ಖಿನ್ನತೆಗೆ ಕೊಡುವ ಔಷಧಗಳಲ್ಲಿ ಬಳಕೆಯಲ್ಲಿರುವ ಅನೇಕವು ತೃಪ್ತಿಯನ್ನು ತಡೆಯುತ್ತವೆ. ಆದರೆ ವೈದ್ಯರನ್ನು ಕೇಳದೆ ಅವನ್ನು ನಿಲ್ಲಿಸಬಾರದು. ಗರ್ಭನಿರೋಧಕ ಗುಳಿಗೆಗಳು ರಕ್ತದಲ್ಲಿ ಟೆಸ್ಟೊಸ್ಟೆರಾನನ್ನು ಹಿಡಿದಿಡುವ ಒಂದು ಪ್ರೋಟೀನನ್ನು ಹೆಚ್ಚಿಸಿ, ಬಿಡಿಯಾಗಿ ಸಂಚರಿಸುವ ಅಂಶವನ್ನು ಕಡಮೆ ಮಾಡುತ್ತವೆ. ಹಾಗಾದರೂ ಬಹುಪಾಲು ಸ್ತ್ರೀಯರಲ್ಲಿ ಇಚ್ಛೆಯು ಬದಲಾಗದೆ ಉಳಿಯುತ್ತದೆ. ಗರ್ಭದ ಭಯ ನೀಗಿದ ನೆಮ್ಮದಿಯಿಂದ ಕೆಲವರಲ್ಲಿ ಹೆಚ್ಚುವುದೂ ಉಂಟು.

ಚಿಕಿತ್ಸೆಯ ಮಾತಿಗೆ ಬಂದರೆ 2002ರ ಜುಲೈ ತಿಂಗಳನ್ನು ನೆನೆಯದೆ ವಿಧಿಯಿಲ್ಲ. ಅಮೆರಿಕದಲ್ಲಿ ನಡೆಯುತ್ತಿದ್ದ ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ ಎಂಬ ಮಹಾಪ್ರಯೋಗದ, ಹದಿನಾರು ಸಾವಿರಕ್ಕೂ ಮೀರಿದ ಸ್ತ್ರೀಯರನ್ನು ಸೇರಿಸಿಕೊಂಡಿದ್ದ ಒಂದು ಶಾಖೆಯನ್ನು, ಎಸ್ಟ್ರೋಜನ್ನನ್ನೂ ಪ್ರೊಜೆಸ್ಟೆರಾನ್ ಬಗೆಯ ಕೃತಕ ರಸವಾದ ಪ್ರೊಜೆಸ್ಟಿನ್ನನ್ನೂ ಕೂಡಿಸಿ ಗುಳಿಗೆಯಾಗಿ ಕೊಡುವುದರಿಂದ ಸ್ತನದ ಕ್ಯಾನ್ಸರ್, ಹೃದ್ರೋಗ, ಪಾರ್ಶ್ವವಾಯು ಇವುಗಳ ಅಪಾಯ ಹೆಚ್ಚುತ್ತದೆಂದು ಕಂಡುಬಂದ ಕಾರಣ ಆಗ ಅವಧಿಗೆ ಮುಂಚೆಯೇ ನಿಲ್ಲಿಸಲಾಯಿತು. ಸುದ್ದಿ ಜಗತ್ತನ್ನೆಲ್ಲ ಬೆದರಿಸಿತು. ವೈದ್ಯರು ಬರೆಯುವುದನ್ನೂ ಸ್ತ್ರೀಯರು ನುಂಗುವುದನ್ನೂ ನಿಲ್ಲಿಸಿದರು. ಹೆಚ್ಚಿದ ಸ್ತನದ ಕ್ಯಾನ್ಸರ್ ವರ್ಷಕ್ಕೆ ಹತ್ತು ಸಾವಿರ ಸ್ತ್ರೀಯರಲ್ಲಿ ಎಂಟರಷ್ಟು ಎಂಬುದಾಗಲಿ, ಆ ಪ್ರಯೋಗದಲ್ಲಿ ಸೇರಿದವರ ಸರಾಸರಿ ವಯಸ್ಸು 63 ಎಂಬುದಾಗಲಿ, ಐವತ್ತರ ಆಸುಪಾಸಿನಲ್ಲಿ ಚಿಕಿತ್ಸೆಯನ್ನು ಆರಂಭಿಸುವವರ ಸ್ಥಿತಿ ಬೇರೆಯೆಂಬುದಾಗಲಿ ಅಂದಿನ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಅರವತ್ತು ದಾಟದ, ಋತುಬಂಧವಾಗಿ ಹತ್ತು ವರ್ಷ ಕಳೆಯದ, ಸ್ತನದ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವ ರೋಗ, ಯಕೃತ್ತಿನ ಕಾಯಿಲೆ ಮೊದಲಾದವುಗಳಿಲ್ಲದ ಸ್ತ್ರೀಯು ತೀವ್ರವಾದ ಬಾಧೆಗಳಿಂದ ಬಳಲುತ್ತಿದ್ದಲ್ಲಿ ಸಾಮಾನ್ಯವಾಗಿ ಅಪಾಯಕ್ಕಿಂತ ಪ್ರಯೋಜನವೇ ಹೆಚ್ಚೆಂದು ಈಗ ವೈದ್ಯಸಂಘಗಳು ಒಪ್ಪುತ್ತವೆ. ಗರ್ಭಕೋಶವಿರುವವಳಿಗೆ ಎಸ್ಟ್ರೋಜನ್ನಿನೊಡನೆ ಪ್ರೊಜೆಸ್ಟೆರಾನನ್ನೂ ಕೊಡಲೇಬೇಕು, ಇಲ್ಲದಿದ್ದರೆ ಗರ್ಭಕೋಶದ ಒಳಪೊರೆಯು ಮಿತಿಮೀರಿ ಬೆಳೆದು ಕ್ಯಾನ್ಸರಿಗೆ ಎಡೆಯಾಗುತ್ತದೆ.

ಆ ಗದ್ದಲದಿಂದಾದ ಹಾನಿಗಳಲ್ಲಿ ನನಗೆ ಅತ್ಯಂತ ಖೇದಕರವಾಗಿ ಕಾಣುವುದು, ಗುಳಿಗೆಗೆ ಅನ್ವಯಿಸುವ ಭಯವನ್ನು ಯೋನಿಯೊಳಗೆ ಹಚ್ಚುವ ಅಲ್ಪಪ್ರಮಾಣದ ಔಷಧಕ್ಕೂ ಅನ್ವಯಿಸಿದ್ದು. ಎಸ್ಟ್ರಿಯಾಲ್ ಎಂಬ ಎಸ್ಟ್ರೋಜನ್ನಿನ ಕ್ರೀಮನ್ನೋ, ಹತ್ತು ಮೈಕ್ರೋಗ್ರಾಂ ಎಸ್ಟ್ರಡಯಾಲ್ ಇರುವ ಪುಟ್ಟ ಮಾತ್ರೆಯನ್ನೋ ಮೊದಲೆರಡು ವಾರ ದಿನವೂ, ಆಮೇಲೆ ವಾರಕ್ಕೆರಡು ಸಲವೂ ಇಟ್ಟುಕೊಳ್ಳುವ ಈ ಕ್ರಮದಲ್ಲಿ ರಕ್ತಕ್ಕೆ ಸೇರುವ ಭಾಗವು ತೀರ ಸ್ವಲ್ಪ. ತೆಳ್ಳಗಾದ ಪದರಗಳು ಕೆಲವು ವಾರಗಳಲ್ಲಿ ಮತ್ತೆ ದಪ್ಪಗಾಗುತ್ತವೆ, ಹುಳಿಯ ಕಾವಲು ಮರಳುತ್ತದೆ, ಮೂತ್ರದ ಸೋಂಕುಗಳು ಕಡಮೆಯಾಗುತ್ತವೆ. ಎಪ್ಪತ್ತರ ವಯಸ್ಸಿನಲ್ಲಿಯೂ, ಸಮಾಗಮದ ಪ್ರಶ್ನೆಯೇ ಇಲ್ಲದ ವಿಧವೆಯಲ್ಲಿಯೂ ಇದರ ಪ್ರಯೋಜನವುಂಟು. ಕೆಲವೇ ದಿನ ಹಚ್ಚಿ ಗುಣ ಕಾಣಲಿಲ್ಲವೆಂದು ಬಿಡಬಾರದು, ಗುಣ ಕಂಡಿತೆಂದು ನಿಲ್ಲಿಸಲೂಬಾರದು, ನಿಲ್ಲಿಸಿದರೆ ಶುಷ್ಕತೆ ಮರಳುತ್ತದೆ. ಸ್ತನದ ಕ್ಯಾನ್ಸರ್ ಆಗಿದ್ದವರು ಮಾತ್ರ ತಮ್ಮ ಕ್ಯಾನ್ಸರ್ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದೇ ಒಂದು ಸಲ ರಕ್ತ ಕಂಡರೂ ಅದನ್ನು ಶುಷ್ಕತೆಯೆಂದು ಭಾವಿಸಿ ಸುಮ್ಮನಿರದೆ ಕೂಡಲೆ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಇಷ್ಟರವರೆಗೆ ಹೇಳಿದುದು ಕಾಲಕ್ರಮದಲ್ಲಿ ಬರುವ ಕೊರತೆಯ ಮಾತು. ಕಾಲವು ತರದ ಕೊರತೆಯನ್ನು ಕತ್ತರಿಯು ತರುವುದುಂಟು. 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯ ತಾಂಡಾಗಳ ಬಡ ಲಂಬಾಣಿ ಹೆಣ್ಣುಮಕ್ಕಳಲ್ಲಿ ಅನೇಕರು, ಬಿಳಿಸೆರಗು, ಸೊಂಟನೋವು, ಹೆಚ್ಚು ಮುಟ್ಟು ಎಂಬಂಥ, ಔಷಧದಿಂದ ವಾಸಿಯಾಗಬಹುದಾದ ತೊಂದರೆಗಳಿಗಾಗಿ ಖಾಸಗಿ ಆಸ್ಪತ್ರೆಗಳಿಗೆ ಹೋಗಿ ಗರ್ಭಕೋಶವನ್ನೇ ತೆಗೆಸಿಕೊಂಡು ಬಂದ ಸಂಗತಿ ಬಯಲಾಗಿ, ಸರ್ಕಾರವು ವಿಚಾರಣೆ ನಡೆಸಬೇಕಾಯಿತು. ಅವರಲ್ಲಿ ನಲವತ್ತು ತುಂಬದವರೂ ಬಹುಮಂದಿ ಇದ್ದರು. ದೇಶದ ಇತರ ಕಡೆಗಳಿಂದಲೂ ಇಂಥ ದೂರುಗಳು ಬಂದುದರಿಂದ ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲಿನಲ್ಲಿ, ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು ಎಲ್ಲ ರಾಜ್ಯಗಳಿಗೂ ಆದೇಶಿಸಿತು. ಗರ್ಭಕೋಶವನ್ನು ಮಾತ್ರ ತೆಗೆದಲ್ಲಿ ಹಾರ್ಮೋನುಗಳು ನಿಲ್ಲವು, ಋತುಬಂಧವು ಕೆಲವರಲ್ಲಿ ತುಸು ಬೇಗನೆ ಬರಬಹುದು ಅಷ್ಟೆ. ಗರ್ಭಕೋಶದೊಡನೆ ಅಂಡಾಶಯಗಳನ್ನೂ ‘ಹೇಗೂ ಹೊಟ್ಟೆ ತೆರೆದಿದೆ’ ಎಂದು ತೆಗೆದುಬಿಟ್ಟರೆ, ಮೂವತ್ತೈದರ ಹೆಣ್ಣು ಮಾರನೆಯ ದಿನವೇ ಐವತ್ತೈದರವಳ ರಕ್ತವನ್ನು ಹೊತ್ತು ಏಳುತ್ತಾಳೆ. ಅವಳ ಮೂಳೆಗಳು ಸವೆಯುತ್ತವೆ, ಹೃದಯವು ಕಾಲಕ್ಕೆ ಮುಂಚೆ ರಕ್ಷಣೆ ಕಳೆದುಕೊಳ್ಳುತ್ತದೆ. ಯೋನಿಯ ಶುಷ್ಕತೆಯೂ ಇಚ್ಛೆಯ ಕುಗ್ಗುವಿಕೆಯೂ ಒಟ್ಟಿಗೆ ಬಂದೆರಗುತ್ತವೆ. ಇಂಥವಳಿಗೆ, ವಿರೋಧಕಾರಣಗಳಿಲ್ಲದಿದ್ದರೆ, ಸಹಜ ಋತುಬಂಧದ ವಯಸ್ಸಿನವರೆಗಾದರೂ ಎಸ್ಟ್ರೋಜನ್ನನ್ನು ತುಂಬಿಕೊಡುವುದು ವೈದ್ಯಧರ್ಮ. 2002ರ ಭಯಕ್ಕೂ ಇದಕ್ಕೂ ಸಂಬಂಧವಿಲ್ಲ; ಇದು ವಯಸ್ಸಾದವಳಿಗೆ ಹೆಚ್ಚುವರಿಯಾಗಿ ಕೊಡುವುದಲ್ಲ, ಚಿಕ್ಕವಳಿಂದ ಕಿತ್ತುಕೊಂಡದ್ದನ್ನು ಹಿಂದಿರುಗಿಸುವುದು. ಆದರೆ ತಾಂಡಾದ ಹೆಣ್ಣಿಗೆ ಇದನ್ನು ಯಾರೂ ಹೇಳಿ ಕಳುಹುವುದಿಲ್ಲ. ತನ್ನ ಹೊಟ್ಟೆಯಿಂದ ತೆಗೆದುದೇನೆಂಬುದೇ ಅನೇಕರಿಗೆ ತಿಳಿದಿರುವುದಿಲ್ಲ.

ಆದುದರಿಂದ ಗರ್ಭಕೋಶ ತೆಗೆಯಬೇಕೆಂದು ವೈದ್ಯರು ಹೇಳಿದಲ್ಲಿ, ಬೇರೆ ಚಿಕಿತ್ಸೆಯಿಂದ ಆಗದೇ ಎಂದು ಮೊದಲು ಕೇಳಬೇಕು. ಸಾಧ್ಯವಾದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯವನ್ನೂ ಪಡೆಯಬೇಕು. ಅಂಡಾಶಯಗಳನ್ನು ಉಳಿಸುವಿರೋ ತೆಗೆಯುವಿರೋ, ತೆಗೆಯುವುದಾದರೆ ಯಾವ ಕಾರಣಕ್ಕೆ ಎಂಬುದನ್ನು ಒಪ್ಪಿಗೆಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮುನ್ನ ಕೇಳಿ ತಿಳಿಯಬೇಕು. ಶಸ್ತ್ರಚಿಕಿತ್ಸೆಯ ಬಳಿಕ ಮನೆಗೆ ಕಳುಹುವಾಗ ಕೊಡುವ ಚೀಟಿಯಲ್ಲಿ ಯಾವ ಯಾವ ಅಂಗವನ್ನು ತೆಗೆಯಲಾಯಿತೆಂಬುದನ್ನು ಸ್ಪಷ್ಟವಾಗಿ ಬರೆಸಿಕೊಂಡು, ರೇಷನ್ ಕಾರ್ಡಿನ ಜೊತೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳಬೇಕು. ಹತ್ತು ವರ್ಷಗಳ ಮೇಲೆ ಮೂಳೆನೋವಿಗೋ ಉರಿಮೂತ್ರಕ್ಕೋ ಹೇಳಲಾರದ ಮತ್ತೊಂದು ನೋವಿಗೋ ಅವಳು ಬೇರೊಬ್ಬ ವೈದ್ಯರ ಮುಂದೆ ಕುಳಿತಾಗ, ಅವರು ಮೊದಲು ಕೇಳಬೇಕಾದ ಪ್ರಶ್ನೆಗೆ ಉತ್ತರವು ಆ ಚೀಟಿಯಲ್ಲಿರುತ್ತದೆ.